ಹೈನ್ರಿಖ್ ಫಾನ್ ಗಾಗೆರ್ನ್: ವಿದ್ಯಾರ್ಥಿ ಸಂಘದಿಂದ ರಾಷ್ಟ್ರಸಭೆಗೆ

ನಾಲ್ಕು ಜನರು ಒಂದೆಡೆ ಕಲೆತು ಒಂದು ಸಂಘವನ್ನು ಕಟ್ಟಿದೊಡನೆಯೇ ಎರಡು ಪ್ರಶ್ನೆಗಳು ಅವರೆದುರಿಗೆ ಬಂದು ನಿಲ್ಲುತ್ತವೆ. ಸಂಘವನ್ನು ಯಾರು, ಯಾವ ನಿಯಮದಂತೆ ನಡೆಸಬೇಕು ಎಂಬುದು ಮೊದಲನೆಯದು. ಸಂಘದ ಗುರುತು ಏನು, ಅದರ ಬಣ್ಣ ಯಾವುದು, ಬಾವುಟ ಯಾವುದು ಎಂಬುದು ಎರಡನೆಯದು. ಎರಡನೆಯ ಪ್ರಶ್ನೆಯು ಎಳೆಯರ ಮನಸ್ಸಿಗೆ ಬಲು ಪ್ರಿಯವಾದುದು. ಮೊದಲನೆಯದಾದರೋ ನೀರಸವೆಂದು ತೋರುವಂಥದು. ಆದರೆ ಮೊದಲನೆಯ ಪ್ರಶ್ನೆಗೆ ಸರಿಯಾದ ಉತ್ತರವನ್ನು ಕಂಡುಕೊಳ್ಳದ ಸಂಘದಲ್ಲಿ ಬಾವುಟದ ಗೌರವವೂ ಬಹುಕಾಲ ಉಳಿಯಲಾರದು. ಈ ಮಾತಿಗೆ ಜರ್ಮನಿಯ ಇತಿಹಾಸದಲ್ಲಿ ಒಂದು ಮನನೀಯವಾದ ನಿದರ್ಶನವುಂಟು. ವಿದ್ಯಾರ್ಥಿಗಳು ಕಟ್ಟಿದ ಒಂದು ಸಂಘದ ಬಣ್ಣಗಳೇ ಆ ದೇಶದ ರಾಷ್ಟ್ರಧ್ವಜದ ಬಣ್ಣಗಳಾದವು. ಆ ಸಂಘದಲ್ಲಿ ಸದಸ್ಯನಾಗಿದ್ದ ತರುಣನೊಬ್ಬನು ಮುಂದೆ ಜರ್ಮನ್ ಜನರ ಮೊದಲ ರಾಷ್ಟ್ರಸಭೆಯ ಅಧ್ಯಕ್ಷನಾದನು. ಆತನೇ ಹೈನ್ರಿಖ್ ಫಾನ್ ಗಾಗೆರ್ನ್.

ಪಾಶ್ಚಾತ್ಯ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿಗಳ ಭ್ರಾತೃಸಂಘಗಳು ಬಹು ಹಿಂದಿನಿಂದಲೂ ಇವೆ. ಮನೆಯನ್ನು ಬಿಟ್ಟು ದೂರದ ಊರಿಗೆ ಓದಲು ಹೋದ ತರುಣರು ತಮ್ಮ ತಮ್ಮಲ್ಲಿಯೇ ಅಣ್ಣತಮ್ಮಂದಿರ ಬಾಂಧವ್ಯವನ್ನು ಕಲ್ಪಿಸಿಕೊಂಡು ಇಂತಹ ಸಂಘಗಳನ್ನು ಸ್ಥಾಪಿಸಿದರು. ಅಮೇರಿಕದ ವರ್ಜೀನಿಯಾದಲ್ಲಿರುವ ವಿಲಿಯಂ ಮತ್ತು ಮೇರಿ ಕಾಲೇಜಿನಲ್ಲಿ ೧೭೭೬ರ ಡಿಸೆಂಬರ್ ೫ರಂದು ಹುಟ್ಟಿದ ಫೈ ಬೀಟಾ ಕಪ್ಪಾ ಎಂಬ ಸಂಘವು ಆ ದೇಶದಲ್ಲಿ ಗ್ರೀಕ್ ಅಕ್ಷರಗಳ ಹೆಸರನ್ನು ಹೊತ್ತ ಸಂಘಗಳಿಗೆ ಮೇಲ್ಪಂಕ್ತಿಯಾಯಿತು. ಜರ್ಮನಿಯಲ್ಲಿ ಮಾತ್ರ ಸಂಘಗಳು ಪ್ರಾಂತಗಳ ಹೆಸರಿನಲ್ಲಿ ಇದ್ದವು. ಒಂದು ಪ್ರಾಂತದಿಂದ ಬಂದ ವಿದ್ಯಾರ್ಥಿಗಳು ಒಂದು ಗುಂಪು. ನೆರೆಯ ಪ್ರಾಂತದವರು ಇನ್ನೊಂದು ಗುಂಪು. ಒಂದು ಗುಂಪಿನ ಟೊಪ್ಪಿಗೆಯ ಬಣ್ಣವನ್ನು ಕಂಡರೆ ಇನ್ನೊಂದು ಗುಂಪಿನವರಿಗೆ ರೋಷ. ಬೀದಿಯಲ್ಲಿ ದಾರಿ ಬಿಡಲಿಲ್ಲವೆಂಬಷ್ಟಕ್ಕೇ ಕತ್ತಿಗಳು ಒರೆಯಿಂದ ಹೊರಬೀಳುತ್ತಿದ್ದವು. ಹೊಸದಾಗಿ ಬಂದವರನ್ನು ಹಳಬರು ಗೋಳುಹೊಯ್ದುಕೊಳ್ಳುವುದೂ ಅಲ್ಲಿಯ ಹಳೆಯ ಸಂಪ್ರದಾಯವೇ ಆಗಿದ್ದಿತು. ಈ ನಗರದಲ್ಲಿ ನಾನಾ ಜಿಲ್ಲೆಗಳಿಂದ ಬಂದು ಒಂದೇ ಕನ್ನಡ ಶಾಲೆಯ ಬೆಂಚುಗಳಲ್ಲಿ ಕುಳಿತಿರುವ ನಮ್ಮ ವಿದ್ಯಾರ್ಥಿಗಳಿಗೆ, ಒಡೆದ ಮನೆಯಲ್ಲಿ ಓದುವುದು ಎಷ್ಟು ಕಷ್ಟವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ವಿದ್ಯಾರ್ಥಿಗಳು ಹೀಗೆ ಒಡೆದುಹೋಗಿದ್ದುದಕ್ಕೆ ಕಾರಣವಿಲ್ಲದಿರಲಿಲ್ಲ, ದೇಶವೇ ಒಡೆದುಹೋಗಿದ್ದಿತು. ಅಂದು ಜರ್ಮನಿಯೆಂಬುದು ಒಂದು ರಾಜ್ಯವಲ್ಲ. ನೆಪೋಲಿಯನ್ನನ ಪತನದ ತರುವಾಯ ೧೮೧೫ರಲ್ಲಿ ರಚಿತವಾದ ಜರ್ಮನ್ ಒಕ್ಕೂಟದಲ್ಲಿ ಸುಮಾರು ೩೯ ಸಂಸ್ಥಾನಗಳಿದ್ದವು. ಆಸ್ಟ್ರಿಯ, ಪ್ರಷ್ಯಗಳಂತಹ ದೊಡ್ಡ ರಾಜ್ಯಗಳ ಪಕ್ಕದಲ್ಲಿ ಒಂದೆರಡು ಊರುಗಳಷ್ಟೇ ಇದ್ದ ಸಂಸ್ಥಾನಗಳೂ ಸೇರಿದ್ದವು. ಭಾಷೆ ಒಂದು, ಅರಸರು ಹಲವರು. ಪ್ರಜೆಗಳಿಗೆ ರಾಜ್ಯಾಂಗವನ್ನು ಕೊಡುವೆವೆಂದು ಒಕ್ಕೂಟದ ಒಪ್ಪಂದದಲ್ಲಿ ಬರೆದಿದ್ದರೂ ಅನೇಕ ಅರಸರು ಆ ಮಾತನ್ನು ಮರೆತೇಬಿಟ್ಟರು.

ಇಂತಹ ಕಾಲದಲ್ಲಿ, ೧೭೯೯ರ ಆಗಸ್ಟ್ ೨೦ರಂದು, ಬೈರಾಯ್ಟ್ ಎಂಬ ಊರಿನಲ್ಲಿ ಗಾಗೆರ್ನನು ಜನಿಸಿದನು. ತಂದೆಯಾದ ಹಾನ್ಸ್ ಕ್ರಿಸ್ಟಾಫ್ ಫಾನ್ ಗಾಗೆರ್ನನು ರಾಜನೀತಿಯಲ್ಲಿ ಪಳಗಿದವನು. ವಿಯೆನ್ನಾದಲ್ಲಿ ನೆರೆದ ರಾಜರ ಮಹಾಸಭೆಯಲ್ಲಿ ನೆದರ್‌ಲ್ಯಾಂಡ್ಸಿನ ಪ್ರತಿನಿಧಿಯಾಗಿ ಕುಳಿತಿದ್ದವನು. ಮಗನಿಗೆ ಮ್ಯೂನಿಕ್ ನಗರದ ಸೈನಿಕ ಶಾಲೆಯಲ್ಲಿ ಶಿಕ್ಷಣ ದೊರೆಯಿತು. ನೆಪೋಲಿಯನ್ನನು ಎಲ್ಬಾ ದ್ವೀಪದಿಂದ ತಪ್ಪಿಸಿಕೊಂಡು ಬಂದು ಮತ್ತೆ ಯೂರೋಪನ್ನು ನಡುಗಿಸಿದಾಗ, ಇನ್ನೂ ಹದಿನಾರು ವರ್ಷ ತುಂಬದಿದ್ದ ಈ ಬಾಲಕನು ನಸ್ಸೌ ಸಂಸ್ಥಾನದ ಸೈನ್ಯದೊಡನೆ ಹೊರಟು ೧೮೧೫ರ ಜೂನ್ ೧೮ರಂದು ವಾಟರ್ಲೂ ಕದನದಲ್ಲಿ ಭಾಗವಹಿಸಿದನು. ಆ ವಯಸ್ಸಿನಲ್ಲಿಯೇ ರಕ್ತಪಾತವನ್ನು ಕಣ್ಣಾರೆ ಕಂಡವನು ಆತನು. ಮುಂದೆ ಆತನು ಶಸ್ತ್ರಕ್ಕಿಂತ ಶಾಸನವನ್ನೇ ಹೆಚ್ಚಾಗಿ ನಂಬಿದುದನ್ನು ಓದುವಾಗ ಈ ಸಂಗತಿಯನ್ನು ನೆನಪಿನಲ್ಲಿಡಬೇಕು.

ಆ ಕದನಕ್ಕೆ ಸರಿಯಾಗಿ ಆರು ದಿನಗಳ ಮೊದಲು, ಎಂದರೆ ೧೮೧೫ರ ಜೂನ್ ೧೨ರಂದು, ಯೇನಾ ಎಂಬ ಪುಟ್ಟ ವಿಶ್ವವಿದ್ಯಾಲಯದ ಪಟ್ಟಣದಲ್ಲಿ ಇನ್ನೊಂದು ಘಟನೆ ಜರುಗಿತು. ಅಲ್ಲಿಯ ಪ್ರಾಂತೀಯ ಸಂಘಗಳ ವಿದ್ಯಾರ್ಥಿಗಳು ಮೆರವಣಿಗೆಯಲ್ಲಿ ಸಾಲೆ ನದಿಯ ಸೇತುವೆಯನ್ನು ದಾಟಿ ಹಸುರು ದೇವದಾರು ಎಂಬ ಹೆಸರಿನ ವಸತಿಗೃಹದ ಮುಂದೆ ಬಂದು ನಿಂತರು. ಅಲ್ಲಿ ತಮ್ಮ ತಮ್ಮ ಸಂಘಗಳ ಬಾವುಟಗಳನ್ನು ತಗ್ಗಿಸಿ, ಇನ್ನು ಮುಂದೆ ತಾವೆಲ್ಲರೂ ಒಂದೇ ಸಂಘದವರೆಂದು ಸಾರಿದರು. ಅದಕ್ಕೆ ಬುರ್ಶೆನ್‌ಶಾಫ್ಟ್ ಎಂದು ಹೆಸರಿಟ್ಟರು. ಬುರ್ಶೆ ಎಂದರೆ ವಿದ್ಯಾರ್ಥಿ. ಆದುದರಿಂದ ವಿದ್ಯಾರ್ಥಿಗಳ ಒಕ್ಕೂಟವೆಂದು ಆ ಪದದ ಅರ್ಥ. ಅವರಲ್ಲಿ ಹಲವರು ನೆಪೋಲಿಯನ್ನನ ವಿರುದ್ಧ ಸ್ವಯಂಸೇವಕರಾಗಿ ಕಾದಾಡಿ ಹಿಂತಿರುಗಿದವರು. ರಣರಂಗದಲ್ಲಿ ಹೆಗಲಿಗೆ ಹೆಗಲು ಕೊಟ್ಟು ನಿಂತವರಿಗೆ ಪಾಠಶಾಲೆಯಲ್ಲಿ ಪ್ರಾಂತಭೇದವು ಹಾಸ್ಯಾಸ್ಪದವೆಂದು ಕಂಡಿತು.

ಈ ಸಂಘದ ಆಡಳಿತಕ್ರಮವು ಗಮನಿಸತಕ್ಕದ್ದು. ಅದಕ್ಕೆ ಲಿಖಿತವಾದ ನಿಯಮಾವಳಿಯಿದ್ದಿತು. ಸಂಘದ ಪರಮಾಧಿಕಾರವು ಸಕಲ ಸದಸ್ಯರ ಮಹಾಸಭೆಯದು. ನಿತ್ಯದ ಕಾರ್ಯಗಳನ್ನು ನೋಡಿಕೊಳ್ಳಲು ಸದಸ್ಯರು ಮತ ನೀಡಿ ಮುಖ್ಯಸ್ಥರನ್ನು ಆರಿಸುತ್ತಿದ್ದರು. ಆ ಮುಖ್ಯಸ್ಥರು ನಿಯಮ ಮೀರಿ ನಡೆಯದಂತೆ ನೋಡಿಕೊಳ್ಳಲು ಮತ್ತೊಂದು ಸಮಿತಿಯನ್ನೂ ಆರಿಸುತ್ತಿದ್ದರು. ಬಹುಮತಕ್ಕೆ ಅಲ್ಪಮತವು ತಲೆಬಾಗಬೇಕು. ಸದಸ್ಯರಲ್ಲಿ ಮಾನಾಪಮಾನದ ಜಗಳ ಬಂದರೆ ಕೂಡಲೇ ಕತ್ತಿ ಹಿಡಿಯುವಂತಿಲ್ಲ; ಮೊದಲು ಸಂಘದ ಗೌರವ ನ್ಯಾಯಮಂಡಲಿಯ ಮುಂದೆ ದೂರು ಹೇಳಬೇಕು. ದ್ವಂದ್ವಯುದ್ಧವನ್ನು ಅವರು ಪೂರ್ತಿಯಾಗಿ ತೊಡೆದುಹಾಕಲಿಲ್ಲವಾದರೂ ಅದಕ್ಕೆ ನಿಯಮದ ಕಡಿವಾಣವನ್ನು ತೊಡಿಸಿದರು. ದೊರೆಯು ಹೇಳಿದ್ದೇ ಶಾಸನವೆನಿಸಿದ್ದ ನಾಡಿನಲ್ಲಿ, ಇಪ್ಪತ್ತು ವರ್ಷದ ಹುಡುಗರು ಮತ ನೀಡುವುದನ್ನೂ, ಲೆಕ್ಕ ಕೇಳುವುದನ್ನೂ, ಸೋತಾಗ ಒಪ್ಪಿಕೊಳ್ಳುವುದನ್ನೂ ಹೀಗೆ ತಾವೇ ಅಭ್ಯಾಸ ಮಾಡಿದರು.

ಇನ್ನು ಲಾಂಛನದ ವಿಚಾರ. ಸ್ವಾತಂತ್ರ್ಯ ಸಮರದಲ್ಲಿ ಲ್ಯುಟ್ಸೋ ಎಂಬ ಸೇನಾನಿಯ ಸ್ವಯಂಸೇವಕ ದಳವೊಂದಿದ್ದಿತು. ನಾನಾ ಕಡೆಗಳಿಂದ ಬಂದ ಆ ಸೈನಿಕರಿಗೆ ಒಂದೇ ಬಗೆಯ ಸಮವಸ್ತ್ರವನ್ನು ಹೊಲಿಸಲು ಹಣವಿರಲಿಲ್ಲ. ಯಾವ ಬಣ್ಣದ ಬಟ್ಟೆಯನ್ನಾದರೂ ಅದ್ದಿ ಕಪ್ಪು ಮಾಡಬಹುದಷ್ಟೆ! ಆದುದರಿಂದ ಎಲ್ಲರ ಅಂಗಿಗಳಿಗೂ ಕಪ್ಪು ಬಣ್ಣ ಹಾಕಿ, ಅಂಚಿಗೆ ಕೆಂಪು ಬಟ್ಟೆ ಹೊಲಿದು, ಹಿತ್ತಾಳೆಯ ಗುಂಡಿಗಳನ್ನು ಕಟ್ಟಿಕೊಂಡರು. ಆ ದಳದಿಂದ ಹಿಂತಿರುಗಿದವರು ಯೇನಾದ ಸಂಘದಲ್ಲಿದ್ದರು. ಕಪ್ಪು, ಕೆಂಪು, ಹೊಂಬಣ್ಣಗಳು ಸಂಘಕ್ಕೆ ಬಂದುದು ಹೀಗೆ. ೧೮೧೬ರ ಮಾರ್ಚ್ ೩೧ರಂದು ಯೇನಾ ಪಟ್ಟಣದ ಹೆಣ್ಣುಮಕ್ಕಳು ಸಂಘಕ್ಕೆ ಒಂದು ಧ್ವಜವನ್ನು ಕಾಣಿಕೆಯಾಗಿ ಕೊಟ್ಟರು. ಕೆಂಪು, ಕಪ್ಪು, ಕೆಂಪು ಎಂಬ ಮೂರು ಪಟ್ಟಿಗಳು. ನಡುವೆ ಹೊಂಬಣ್ಣದ ಓಕ್ ಮರದ ಕೊಂಬೆ. ಸುತ್ತಲೂ ಹೊಂಬಣ್ಣದ ಕುಚ್ಚು. ಗೌರವ, ಸ್ವಾತಂತ್ರ್ಯ, ಮಾತೃಭೂಮಿ ಎಂಬ ಮೂರು ಪದಗಳು ಸಂಘದ ಧ್ಯೇಯವಾಕ್ಯವಾದವು. ಬಡತನದಲ್ಲಿ ಬಣ್ಣ ಹಾಕಿಸಿಕೊಂಡ ಅಂಗಿಯೊಂದು ಬಾವುಟವಾಗಿ ಮಾರ್ಪಟ್ಟುದು ಸಣ್ಣ ಸಂಗತಿಯೇನಲ್ಲ.

೧೮೧೭ರ ಅಕ್ಟೋಬರ್ ೧೮ರಂದು ಈ ಬಾವುಟವು ವಾರ್ಟ್‌ಬುರ್ಗ್ ಎಂಬ ಬೆಟ್ಟದ ಕೋಟೆಯನ್ನು ಏರಿತು. ಮಾರ್ಟಿನ್ ಲೂಥರನು ಬೈಬಲ್ಲಿನ ಹೊಸ ಒಡಂಬಡಿಕೆಯನ್ನು ಜರ್ಮನ್ ಭಾಷೆಗೆ ತಂದುದು ಆ ಕೋಟೆಯಲ್ಲಿಯೇ. ಲೂಥರನ ಧರ್ಮಸುಧಾರಣೆಗೆ ಮುನ್ನೂರು ವರ್ಷ, ಲೈಪ್‌ಜಿಗ್ ಕದನದ ವಿಜಯಕ್ಕೆ ನಾಲ್ಕು ವರ್ಷ ತುಂಬಿದ ನೆನಪಿಗಾಗಿ ಹಲವು ವಿಶ್ವವಿದ್ಯಾಲಯಗಳ ಸುಮಾರು ಐದುನೂರು ವಿದ್ಯಾರ್ಥಿಗಳು ಅಲ್ಲಿ ನೆರೆದರು. ಹಗಲಿನ ಸಭೆಯು ಗಂಭೀರವಾಗಿ ನಡೆಯಿತು. ರಾತ್ರಿ ಮಾತ್ರ, ಸಭೆಯ ನಿರ್ಣಯವೇನೂ ಇಲ್ಲದೆ, ಕೆಲವರು ಬೆಂಕಿ ಹೊತ್ತಿಸಿ ತಮಗೆ ಒಪ್ಪಿಗೆಯಾಗದ ಗ್ರಂಥಗಳ ಹೆಸರುಗಳನ್ನು ಬರೆದಿದ್ದ ರದ್ದಿ ಕಾಗದದ ಕಟ್ಟುಗಳನ್ನು ಅದರಲ್ಲಿ ಎಸೆದರು. ಅದರೊಡನೆ ಸೈನಿಕ ದರ್ಪದ ಕುರುಹುಗಳೆಂದು ಒಂದು ಕೃತಕ ಜಡೆಯನ್ನೂ, ದಂಡಿಸುವ ಬೆತ್ತವನ್ನೂ ಸುಟ್ಟರು. ಸುಡಲ್ಪಟ್ಟ ಹೆಸರುಗಳಲ್ಲಿ ಸಾಲ್ ಆಶರ್ ಎಂಬ ಯಹೂದಿ ಲೇಖಕನ ಪುಸ್ತಕದ ಹೆಸರೂ ಇದ್ದಿತು. ಮತಾಂಧವಾದ ದೇಶಾಭಿಮಾನವನ್ನು ಆತನು ಖಂಡಿಸಿದ್ದುದೇ ಅದಕ್ಕೆ ಕಾರಣ. ಸ್ವಾತಂತ್ರ್ಯದ ಹೆಸರಿನಲ್ಲಿ ಕಟ್ಟಿದ ಸಂಘವು ಅನ್ಯಾಭಿಪ್ರಾಯವನ್ನು ಸುಡಲು ಹೊರಟುದು ಅದರ ಬಾಳಿನ ಮೊದಲ ಕಲೆ. ಯಹೂದಿ ವಿದ್ಯಾರ್ಥಿಗಳಿಗೆ ಹಲವೆಡೆ ಸಂಘದ ಬಾಗಿಲು ತೆರೆಯದೆ ಹೋದುದು ಎರಡನೆಯ ಕಲೆ.

ಗಾಗೆರ್ನನು ಯುದ್ಧದಿಂದ ಹಿಂತಿರುಗಿ ಹೈಡಲ್‌ಬರ್ಗ್, ಗೊಟಿಂಗೆನ್, ಯೇನಾ ವಿಶ್ವವಿದ್ಯಾಲಯಗಳಲ್ಲಿ ನ್ಯಾಯಶಾಸ್ತ್ರವನ್ನು ವ್ಯಾಸಂಗ ಮಾಡಿದನು. ಬುರ್ಶೆನ್‌ಶಾಫ್ಟಿನಲ್ಲಿ ಆತನು ಮನಃಪೂರ್ವಕವಾಗಿ ತೊಡಗಿಕೊಂಡನು. ಮಗನು ಯಾವ ಸಂಘದಲ್ಲಿ ಸೇರಿದ್ದಾನೆಂಬ ಚಿಂತೆ ಎಲ್ಲ ಕಾಲದ ತಂದೆಯರಿಗೂ ಉಂಟು. ೧೮೧೮ರ ಜೂನ್ ತಿಂಗಳಲ್ಲಿ ಗಾಗೆರ್ನನು ತನ್ನ ತಂದೆಗೆ ದೀರ್ಘವಾದ ಪತ್ರವೊಂದನ್ನು ಬರೆದು, ಹಳೆಯ ಪ್ರಾಂತೀಯ ಸಂಘಗಳಿಗೂ ಹೊಸ ಸಂಘಕ್ಕೂ ಇರುವ ಅಂತರವನ್ನು ವಿವರಿಸಿದನು. ಇಡೀ ಜರ್ಮನಿಯನ್ನು ತಮ್ಮ ದೇಶವೆಂದು ಭಾವಿಸುವುದೂ, ರಾಜ್ಯಾಂಗಬದ್ಧವಾದ ಆಡಳಿತವನ್ನು ಬಯಸುವುದೂ ತಮ್ಮ ಸಂಘದ ತಿರುಳೆಂದು ಅದರಲ್ಲಿ ತಿಳಿಯಪಡಿಸಿದನು. ಅದೇ ವರ್ಷದ ಅಕ್ಟೋಬರಿನಲ್ಲಿ ಹಲವು ವಿಶ್ವವಿದ್ಯಾಲಯಗಳ ಪ್ರತಿನಿಧಿಗಳು ಯೇನಾದಲ್ಲಿ ಸೇರಿ ಅಖಿಲ ಜರ್ಮನ್ ಬುರ್ಶೆನ್‌ಶಾಫ್ಟನ್ನು ಸ್ಥಾಪಿಸಿದರು. ಪ್ರತಿಯೊಂದು ವಿಶ್ವವಿದ್ಯಾಲಯದ ಶಾಖೆಯೂ ತನ್ನ ಒಳಗಿನ ವ್ಯವಹಾರವನ್ನು ತಾನೇ ನಡೆಸಿಕೊಳ್ಳಬೇಕು. ಸರ್ವರಿಗೂ ಸಂಬಂಧಿಸಿದ ವಿಷಯಗಳನ್ನು ಪ್ರತಿನಿಧಿಗಳ ಸಭೆಯು ತೀರ್ಮಾನಿಸಬೇಕು ಎಂದು ಗೊತ್ತುಮಾಡಿಕೊಂಡರು. ಮೂವತ್ತು ವರ್ಷಗಳ ನಂತರ ಇಡೀ ದೇಶಕ್ಕೆ ಬೇಕಾಗಲಿದ್ದ ವ್ಯವಸ್ಥೆಯ ಒಂದು ಕಿರುಚಿತ್ರವನ್ನು ವಿದ್ಯಾರ್ಥಿಗಳು ಅಂದೇ ಬರೆದಿದ್ದರು.

ಆದರೆ ಸಂಘಕ್ಕೆ ಗಂಡಾಂತರವು ಒಳಗಿನಿಂದಲೇ ಬಂದೊದಗಿತು. ಯೇನಾದ ಸದಸ್ಯನಾಗಿದ್ದ ಕಾರ್ಲ್ ಸಾಂಡ್ ಎಂಬ ದೇವತಾಶಾಸ್ತ್ರದ ವಿದ್ಯಾರ್ಥಿಯು ೧೮೧೯ರ ಮಾರ್ಚ್ ೨೩ರಂದು ಮಾನ್‌ಹೈಮ್ ನಗರದಲ್ಲಿ ಕೊಟ್ಸೆಬು ಎಂಬ ನಾಟಕಕಾರನ ಮನೆಗೆ ಹೋಗಿ ಅವನನ್ನು ಇರಿದು ಕೊಂದನು. ಕೊಟ್ಸೆಬುವು ವಿದ್ಯಾರ್ಥಿಗಳ ಧ್ಯೇಯಗಳನ್ನು ಪತ್ರಿಕೆಯಲ್ಲಿ ಲೇವಡಿ ಮಾಡುತ್ತಿದ್ದವನು. ರಷ್ಯದ ಚಕ್ರವರ್ತಿಗೆ ವರದಿಗಳನ್ನು ಕಳುಹಿಸುತ್ತಿದ್ದವನು. ಅದೇನೇ ಇರಲಿ, ಸಂಘದ ಮಹಾಸಭೆಯು ಸಾಂಡನಿಗೆ ಈ ಕಾರ್ಯವನ್ನು ಒಪ್ಪಿಸಿರಲಿಲ್ಲ. ಯಾವ ನ್ಯಾಯಮಂಡಲಿಯೂ ಮೃತನ ಮೇಲೆ ವಿಚಾರಣೆ ನಡೆಸಿರಲಿಲ್ಲ. ಒಬ್ಬನು ತಾನೇ ಸಂಘ, ತಾನೇ ದೇಶ, ತಾನೇ ನ್ಯಾಯಾಧೀಶನೆಂದು ಬಗೆದನು. ಸಾಂಡನಿಗೆ ಮರುವರ್ಷ ಮರಣದಂಡನೆಯಾಯಿತು. ಅವನ ಕೈಯ ಕಠಾರಿಯು ಒಬ್ಬ ವೃದ್ಧ ಲೇಖಕನ ಪ್ರಾಣವನ್ನಷ್ಟೇ ಅಲ್ಲ, ಸಾವಿರಾರು ವಿದ್ಯಾರ್ಥಿಗಳ ಸ್ವಾತಂತ್ರ್ಯವನ್ನೂ ತೆಗೆಯಿತು.

ಆಸ್ಟ್ರಿಯದ ಮಂತ್ರಿಯಾದ ಮೆಟರ್ನಿಕ್ಕನು ಇಂತಹ ಒಂದು ನೆಪವನ್ನೇ ಎದುರುನೋಡುತ್ತಿದ್ದನು. ಅದೇ ಆಗಸ್ಟ್ ತಿಂಗಳಲ್ಲಿ ಕಾರ್ಲ್ಸ್‌ಬಾಡ್ ಎಂಬ ಊರಿನಲ್ಲಿ ಮುಖ್ಯ ಸಂಸ್ಥಾನಗಳ ಮಂತ್ರಿಗಳನ್ನು ಕೂಡಿಸಿ ಆತನು ಮಾಡಿಸಿದ ನಿರ್ಣಯಗಳು ಸೆಪ್ಟೆಂಬರ್ ೨೦ರಂದು ಒಕ್ಕೂಟದ ಶಾಸನಗಳಾದವು. ಪತ್ರಿಕೆಗಳಿಗೆ ಪೂರ್ವಪರಿಶೀಲನೆಯ ಬಂಧನ ಬಿದ್ದಿತು, ವಿಶ್ವವಿದ್ಯಾಲಯಗಳ ಮೇಲೆ ಕಾವಲಿನ ಅಧಿಕಾರಿಗಳು ನೇಮಕವಾದರು, ಬುರ್ಶೆನ್‌ಶಾಫ್ಟ್ ನಿಷಿದ್ಧವಾಯಿತು. ೧೮೧೯ರ ನವೆಂಬರ್ ೨೬ರಂದು ಯೇನಾದ ಸಂಘವು ವಿಸರ್ಜಿತವಾಯಿತು. ಸಂಘದ ಬಣ್ಣದ ಪಟ್ಟಿಯನ್ನು ಎದೆಯ ಮೇಲೆ ಧರಿಸುವುದೇ ಅಪರಾಧವೆನಿಸಿತು.

ಗಾಗೆರ್ನನ ಮುಂದೆ ಈಗ ಎರಡು ದಾರಿಗಳಿದ್ದವು. ಗುಪ್ತ ಕೂಟಗಳನ್ನು ಸೇರಿ ಕಠಾರಿಯ ದಾರಿಯನ್ನು ಹಿಡಿಯುವುದು ಒಂದು. ಸಂಘದಲ್ಲಿ ಕಲಿತ ನಿಯಮದ ದಾರಿಯಲ್ಲಿಯೇ ನಿಧಾನವಾಗಿ ಮುಂದುವರಿಯುವುದು ಇನ್ನೊಂದು. ಆತನು ಎರಡನೆಯದನ್ನು ಆರಿಸಿದನು. ೧೮೨೧ರಲ್ಲಿ ಹೆಸ್ಸೆ ಡಾರ್ಮ್‌ಸ್ಟಾಟ್ ಸಂಸ್ಥಾನದ ಸರಕಾರಿ ಸೇವೆಯನ್ನು ಸೇರಿದನು. ೧೮೩೨ರಲ್ಲಿ ಅಲ್ಲಿಯ ಪ್ರಜಾಪ್ರತಿನಿಧಿ ಸಭೆಗೆ ಆರಿಸಲ್ಪಟ್ಟು, ಸರಕಾರವು ರಾಜ್ಯಾಂಗವನ್ನು ಮೀರಿದಾಗಲೆಲ್ಲ ಎದ್ದುನಿಂತು ಪ್ರತಿಭಟಿಸಿದನು. ಸರಕಾರದ ಅನ್ನ ತಿನ್ನುವವನು ಸರಕಾರವನ್ನೇ ಖಂಡಿಸಬಹುದೇ ಎಂದು ಮೇಲಿನವರು ಕೆರಳಿದರು. ೧೮೩೩ರಲ್ಲಿ ಸಭೆಯು ವಿಸರ್ಜಿತವಾಯಿತು. ಗಾಗೆರ್ನನ ಉದ್ಯೋಗವೂ ಹೋಯಿತು. ನಿವೃತ್ತಿ ವೇತನವನ್ನು ಕೂಡ ಆತನು ಬೇಡವೆಂದು ತಿರಸ್ಕರಿಸಿದನು. ಕೆಲವು ಕಾಲ ಸಭೆಯಲ್ಲಿ ಹೋರಾಡಿ, ಅದರಿಂದ ಫಲವಿಲ್ಲವೆಂದು ಕಂಡಾಗ ಮೊನ್ಸ್‌ಹೈಮ್ ಎಂಬ ಗ್ರಾಮದ ತನ್ನ ಹೊಲಗದ್ದೆಗಳ ಕಡೆಗೆ ಹೊರಳಿದನು. ಹತ್ತು ವರ್ಷಕ್ಕೂ ಮಿಕ್ಕಿ ಆತನು ಬೇಸಾಯಗಾರನಾಗಿ ಬಾಳಿದನು.

ಈ ನಡುವೆ ನಿಷೇಧಿತ ಬಣ್ಣಗಳು ವಿದ್ಯಾರ್ಥಿಗಳ ಕೈಯಿಂದ ಜನಸಾಮಾನ್ಯರ ಕೈಗೆ ದಾಟಿದ್ದವು. ೧೮೩೨ರ ಮೇ ೨೭ರಂದು ಹಾಂಬಾಕ್ ಕೋಟೆಯಲ್ಲಿ ಇಪ್ಪತ್ತು ಸಹಸ್ರಕ್ಕೂ ಹೆಚ್ಚು ಜನರು ಸೇರಿದಾಗ ಕಪ್ಪು, ಕೆಂಪು, ಹೊಂಬಣ್ಣದ ಬಾವುಟಗಳು ಗಾಳಿಯಲ್ಲಿ ಹಾರಾಡಿದವು. ಒಕ್ಕೂಟದ ಸಭೆಯು ಆ ಬಣ್ಣಗಳನ್ನು ಮತ್ತೊಮ್ಮೆ ನಿಷೇಧಿಸಿತು. ಆದರೆ ನಿಷೇಧಿಸಿದಷ್ಟೂ ಆ ಬಣ್ಣಗಳ ಅರ್ಥವು ಜನರಿಗೆ ಸ್ಪಷ್ಟವಾಗುತ್ತಲೇ ಹೋಯಿತು.

೧೮೪೮ರ ಫೆಬ್ರವರಿಯಲ್ಲಿ ಪ್ಯಾರಿಸ್ ನಗರದಲ್ಲಿ ಕ್ರಾಂತಿಯ ಕಿಡಿ ಹೊತ್ತಿತು. ಮಾರ್ಚ್ ತಿಂಗಳಲ್ಲಿ ಅದು ಜರ್ಮನಿಯನ್ನು ಆವರಿಸಿತು. ಹೆಸ್ಸೆಯ ಅರಸನು ಬೆದರಿ, ಹಿಂದೆ ಹೊರದೂಡಿದ್ದ ಗಾಗೆರ್ನನನ್ನೇ ಕರೆದು ಮುಖ್ಯಮಂತ್ರಿಯನ್ನಾಗಿ ನೇಮಿಸಿದನು. ಮಾರ್ಚ್ ೯ರಂದು, ಮೂವತ್ತು ವರ್ಷ ಆ ಬಣ್ಣಗಳನ್ನು ಬೇಟೆಯಾಡಿದ್ದ ಒಕ್ಕೂಟದ ಸಭೆಯೇ ಅವುಗಳನ್ನು ತನ್ನ ಬಣ್ಣಗಳೆಂದು ಘೋಷಿಸಿತು! ಬರ್ಲಿನ್ನಿನ ಬೀದಿಗಳಲ್ಲಿ ಪ್ರಜೆಗಳ ರಕ್ತವು ಹರಿದ ಮೂರು ದಿನಗಳ ಮೇಲೆ, ಮಾರ್ಚ್ ೨೧ರಂದು, ಪ್ರಷ್ಯದ ದೊರೆಯಾದ ನಾಲ್ಕನೆಯ ಫ್ರೆಡರಿಕ್ ವಿಲಿಯಮ್ಮನು ತೋಳಿಗೆ ಅದೇ ಬಣ್ಣದ ಪಟ್ಟಿಯನ್ನು ಕಟ್ಟಿಕೊಂಡು ಕುದುರೆಯನ್ನೇರಿ ರಾಜಧಾನಿಯಲ್ಲಿ ಸುತ್ತಿದನು. ಪಟ್ಟಿಯನ್ನು ಕಟ್ಟುವುದಕ್ಕೆ ಒಂದು ಕ್ಷಣ ಸಾಕು. ಆ ಪಟ್ಟಿಯ ಹಿಂದಿರುವ ನಿಯಮಕ್ಕೆ ತಲೆಬಾಗುವುದು ಬೇರೆಯೇ ಮಾತು. ಇದು ಮರುವರ್ಷವೇ ಬಯಲಿಗೆ ಬಂದಿತು.

ದೇಶದ ಈ ಹರ್ಷದ ನಡುವೆ ಗಾಗೆರ್ನನ ಮನೆಗೆ ಸಾವು ಬಂದಿತು. ಆತನ ಅಣ್ಣ ಫ್ರೀಡ್ರಿಖ್ ಫಾನ್ ಗಾಗೆರ್ನನು ಸೇನಾಧಿಪತಿಯಾಗಿದ್ದನು. ಬಾಡೆನ್ ಪ್ರಾಂತದಲ್ಲಿ ಗಣರಾಜ್ಯವಾದಿಗಳು ಶಸ್ತ್ರ ಹಿಡಿದು ಎದ್ದಾಗ ಅವರನ್ನು ಎದುರಿಸಲು ಹೋದ ಆತನು ಏಪ್ರಿಲ್ ೨೦ರಂದು ಕಾಂಡರ್ನ್ ಬಳಿ ಗುಂಡಿಗೆ ಬಲಿಯಾದನು. ಆ ದುಃಖಕ್ಕೆ ಇನ್ನೂ ಒಂದು ತಿಂಗಳು ತುಂಬಿರಲಿಲ್ಲ. ಮೇ ೧೮ರಂದು ಫ್ರಾಂಕ್‌ಫರ್ಟ್ ನಗರದ ಸಂತ ಪೌಲನ ಇಗರ್ಜಿಯಲ್ಲಿ ಜರ್ಮನ್ ಜನರು ಆರಿಸಿದ ಪ್ರತಿನಿಧಿಗಳು ಪ್ರಥಮವಾಗಿ ಸಭೆ ಸೇರಿದರು. ಮರುದಿನವೇ ಗಾಗೆರ್ನನು ಸಭೆಯ ಅಧ್ಯಕ್ಷನಾಗಿ ಚುನಾಯಿತನಾದನು. ಅಣ್ಣನನ್ನು ಕೊಂದ ಪಕ್ಷದ ಕಡೆಗೆ ಒಲವುಳ್ಳವರೂ ಆ ಸಭೆಯಲ್ಲಿದ್ದರು. ಅವರಿಗೂ ಮಾತನಾಡಲು ಅವಕಾಶ ಕೊಡುವುದೇ ಈಗ ಆತನ ಧರ್ಮವಾಗಿದ್ದಿತು.

ಆ ಸಭಾಭವನದ ಚಿತ್ರವನ್ನು ಕಣ್ಣಿಗೆ ತಂದುಕೊಳ್ಳಿರಿ. ದುಂಡನೆಯ ವಿಶಾಲವಾದ ಮಂದಿರ. ಅಧ್ಯಕ್ಷಪೀಠದ ಮೇಲ್ಗಡೆ ಫಿಲಿಪ್ ಫೈಟ್ ಎಂಬ ಚಿತ್ರಕಾರನು ಬರೆದ ಜರ್ಮಾನಿಯಾ ದೇವಿಯ ದೊಡ್ಡ ಚಿತ್ರಪಟ. ತಲೆಯಲ್ಲಿ ಓಕ್ ಎಲೆಗಳ ಕಿರೀಟ, ಕೈಯಲ್ಲಿ ಕಪ್ಪು, ಕೆಂಪು, ಹೊಂಬಣ್ಣದ ಧ್ವಜ, ಕಾಲ ಬಳಿ ಮುರಿದುಬಿದ್ದ ಸಂಕೋಲೆ. ಕೆಳಗಿನ ಆಸನಗಳಲ್ಲಿ ಪ್ರಾಧ್ಯಾಪಕರು, ನ್ಯಾಯವಾದಿಗಳು, ಅಧಿಕಾರಿಗಳು. ಅವರಲ್ಲಿ ಅನೇಕರು ಒಂದು ಕಾಲಕ್ಕೆ ಬುರ್ಶೆನ್‌ಶಾಫ್ಟಿನ ಸದಸ್ಯರಾಗಿದ್ದವರು. ಕೆಲವರು ಆ ಕಾರಣದಿಂದಲೇ ಸೆರೆಮನೆಯನ್ನು ಕಂಡಿದ್ದವರು. ಹೆಣ್ಣುಮಕ್ಕಳಿಗೆ ಮೇಲಿನ ಪ್ರೇಕ್ಷಕರ ಸಾಲಿನಲ್ಲಿ ಮಾತ್ರ ಸ್ಥಳವಿದ್ದಿತು. ಸಂಘಕ್ಕೆ ಧ್ವಜವನ್ನು ಕೊಟ್ಟವರು ಅವರಾದರೂ ಮತಾಧಿಕಾರವು ಅವರಿಗೆ ದೊರೆತಿರಲಿಲ್ಲ. ಅದು ಬಂದುದು ಏಳು ದಶಕಗಳ ನಂತರ, ೧೯೧೮ರಲ್ಲಿ.

ಇಂತಹ ಸಭೆಯನ್ನು ನಡೆಸುವುದು ಸುಲಭವಾಗಿರಲಿಲ್ಲ. ಸಿದ್ಧವಾದ ಸಂಪ್ರದಾಯವಿಲ್ಲ, ಪಕ್ಷಗಳಿಲ್ಲ, ಸೈನ್ಯವಿಲ್ಲ, ಬೊಕ್ಕಸವಿಲ್ಲ. ಒಂದೇ ಅಭಿಪ್ರಾಯದ ಸದಸ್ಯರು ಸಂಜೆ ಒಂದೊಂದು ವಸತಿಗೃಹದಲ್ಲಿ ಸೇರಿ ಆಲೋಚಿಸುತ್ತಿದ್ದರು; ಆ ಗೃಹಗಳ ಹೆಸರುಗಳೇ ಪಕ್ಷಗಳ ಹೆಸರುಗಳಾದವು. ಗಾಗೆರ್ನನು ಕ್ಯಾಸಿನೊ ಎಂಬ ಮಧ್ಯಮ ಪಂಥಕ್ಕೆ ಸೇರಿದವನು. ಎತ್ತರದ ನಿಲುವು, ದಟ್ಟವಾದ ಹುಬ್ಬುಗಳು, ಮಂದಿರವನ್ನು ತುಂಬುವ ಧ್ವನಿ ಇವುಗಳಿಂದ ಆತನು ಸಭೆಯನ್ನು ಹತೋಟಿಯಲ್ಲಿಟ್ಟನು. ಅಧ್ಯಕ್ಷನನ್ನು ಪ್ರತಿ ನಾಲ್ಕು ವಾರಗಳಿಗೊಮ್ಮೆ ಹೊಸದಾಗಿ ಆರಿಸಬೇಕೆಂಬುದು ಸಭೆಯ ನಿಯಮ. ಅಂತಹ ಪರೀಕ್ಷೆಯಲ್ಲಿ ಡಿಸೆಂಬರ್ ತಿಂಗಳವರೆಗೂ ಆತನು ಮತ್ತೆ ಮತ್ತೆ ಗೆದ್ದನೆಂದರೆ ಸದಸ್ಯರ ವಿಶ್ವಾಸವು ಎಷ್ಟಿದ್ದಿತೆಂಬುದನ್ನು ಊಹಿಸಬಹುದು. ದೇಶಕ್ಕೆ ಒಂದು ಕೇಂದ್ರಾಧಿಕಾರವನ್ನು ಅರಸರಲ್ಲ, ರಾಷ್ಟ್ರಸಭೆಯೇ ಸ್ಥಾಪಿಸಬೇಕೆಂದು ಜೂನ್ ೨೪ರಂದು ಆತನು ಮಂಡಿಸಿದ ಸಲಹೆಯು ಆ ಸಭೆಯ ಅತ್ಯಂತ ಧೀರವಾದ ಹೆಜ್ಜೆಯೆನಿಸಿತು.

ಡಿಸೆಂಬರ್ ೨೭ರ ಶಾಸನದಿಂದ ರಾಷ್ಟ್ರಸಭೆಯು ಜರ್ಮನ್ ಪ್ರಜೆಗಳ ಮೂಲಭೂತ ಹಕ್ಕುಗಳನ್ನು ಸಾರಿತು. ನ್ಯಾಯದ ಮುಂದೆ ಎಲ್ಲರೂ ಸಮಾನರು, ಮುದ್ರಣಕ್ಕೆ ಸ್ವಾತಂತ್ರ್ಯ, ಯಾವ ಮತದವನಿಗೂ ಮತದ ಕಾರಣದಿಂದ ಪೌರಹಕ್ಕುಗಳಲ್ಲಿ ಕೊರತೆಯಿಲ್ಲ. ಗಾಬ್ರಿಯೇಲ್ ರೀಸರ್ ಎಂಬ ಯಹೂದಿ ನ್ಯಾಯವಾದಿಯು ಆ ಸಭೆಯ ಉಪಾಧ್ಯಕ್ಷರಲ್ಲಿ ಒಬ್ಬನಾಗಿದ್ದನು. ವಿದ್ಯಾರ್ಥಿ ಸಂಘವು ಹಲವೆಡೆ ಮುಚ್ಚಿದ್ದ ಬಾಗಿಲನ್ನು ಅದರ ಹಳೆಯ ಸದಸ್ಯರೇ ತುಂಬಿದ್ದ ಸಭೆಯು ತೆರೆಯಿತು. ಒಂದು ತಲೆಮಾರಿನ ಅವಧಿಯಲ್ಲಿ ತಿದ್ದಿಕೊಳ್ಳುವ ಶಕ್ತಿಯು ಆ ಬಣ್ಣಗಳಿಗಿದ್ದಿತು. ಆ ಶಕ್ತಿಯು ಬಂದುದು ಚರ್ಚೆಯಿಂದ, ಮತದಾನದಿಂದ.

ಡಿಸೆಂಬರಿನಲ್ಲಿ ಗಾಗೆರ್ನನು ಅಧ್ಯಕ್ಷಪೀಠವನ್ನು ಬಿಟ್ಟು ಕೇಂದ್ರ ಸರಕಾರದ ಪ್ರಧಾನಮಂತ್ರಿಯಾದನು. ಪ್ರಷ್ಯದ ನಾಯಕತ್ವದಲ್ಲಿ ಜರ್ಮನಿಯು ಒಂದಾಗಬೇಕು, ಆಸ್ಟ್ರಿಯದೊಡನೆ ಹೊರಗಿನಿಂದ ಸ್ನೇಹಸಂಬಂಧವಿರಬೇಕು ಎಂಬುದು ಆತನ ಯೋಜನೆ. ೧೮೪೯ರ ಮಾರ್ಚ್ ೨೮ರಂದು ರಾಷ್ಟ್ರಸಭೆಯು ಪ್ರಷ್ಯದ ದೊರೆಯನ್ನು ಜರ್ಮನರ ಚಕ್ರವರ್ತಿಯನ್ನಾಗಿ ಆರಿಸಿತು. ೨೯೦ ಮತಗಳು ಬಂದವು. ೨೪೮ ಮಂದಿ ಮತ ನೀಡದೆ ಉಳಿದರು. ಸಭೆಯ ನಿಯೋಗವು ಬರ್ಲಿನ್ನಿಗೆ ಹೋಗಿ ಕಿರೀಟವನ್ನು ಅರ್ಪಿಸಿತು. ಹಿಂದಿನ ವರ್ಷ ತೋಳಿಗೆ ಮೂರು ಬಣ್ಣಗಳನ್ನು ಕಟ್ಟಿಕೊಂಡಿದ್ದ ಅದೇ ದೊರೆಯು, ಪ್ರಜೆಗಳ ಕೈಯಿಂದ ಬರುವ ಕಿರೀಟವು ತನಗೆ ತಕ್ಕುದಲ್ಲವೆಂದು ಅದನ್ನು ನಿರಾಕರಿಸಿದನು.

ಗಾಗೆರ್ನನ ಮೂವತ್ತು ವರ್ಷಗಳ ಕನಸು ಕುಸಿದುಬಿದ್ದಿತು. ಶಸ್ತ್ರ ಹಿಡಿದು ರಾಜ್ಯಾಂಗವನ್ನು ಉಳಿಸೋಣವೆಂದು ಹಲವರು ಎದ್ದರು. ಆತನು ಒಪ್ಪಲಿಲ್ಲ. ಮೇ ತಿಂಗಳಲ್ಲಿ ಮಂತ್ರಿಪದವಿಯನ್ನೂ, ಬಳಿಕ ಸಭೆಯ ಸದಸ್ಯತ್ವವನ್ನೂ ತೊರೆದನು. ಉಳಿದ ಸದಸ್ಯರು ಸ್ಟುಟ್‌ಗಾರ್ಟಿಗೆ ಹೋಗಿ ಸಭೆಯನ್ನು ಮುಂದುವರಿಸಿದರಾದರೂ ಜೂನ್ ೧೮ರಂದು ಸೈನಿಕರು ಅವರನ್ನು ಚದುರಿಸಿದರು. ಅದು ವಾಟರ್ಲೂ ಕದನದ ದಿನ! ಗಾಗೆರ್ನನು ಅಳುಕಿದನೆಂದು ಕ್ರಾಂತಿಕಾರರು ದೂಷಿಸಿದರು. ರಾಜದ್ರೋಹಿಯೆಂದು ಅರಸೊತ್ತಿಗೆಯವರು ಬೈದರು. ಜನರ ಸಭೆಗೆ ಸೈನ್ಯವಿಲ್ಲದಿರುವಾಗ ನಿಯಮವನ್ನು ನಂಬಿದವನು ಸೋಲುವುದುಂಟೆಂಬುದನ್ನು ಮುಚ್ಚಿಡುವುದು ಸತ್ಯಕ್ಕೆ ಅಪಚಾರ. ಆದರೆ ನಿಯಮವನ್ನು ಬಿಟ್ಟು ಗೆಲ್ಲುವುದು ಎಂತಹ ಗೆಲುವೆಂಬುದನ್ನು ಆತನು ಸಾಂಡನ ಕಠಾರಿಯಿಂದಲೇ ಕಲಿತಿದ್ದನು.

ಅನಂತರ ಆತನು ಬಹುಕಾಲ ಹೈಡಲ್‌ಬರ್ಗಿನಲ್ಲಿ ನೆಲಸಿದನು. ೧೮೬೪ರಿಂದ ೧೮೭೨ರವರೆಗೆ ವಿಯೆನ್ನಾದಲ್ಲಿ ಹೆಸ್ಸೆ ಸಂಸ್ಥಾನದ ರಾಯಭಾರಿಯಾಗಿದ್ದನು. ಬಿಸ್ಮಾರ್ಕನು ೧೮೭೧ರಲ್ಲಿ ಯುದ್ಧಗಳ ಮೂಲಕ ಜರ್ಮನಿಯನ್ನು ಒಂದುಗೂಡಿಸಿದಾಗ ಧ್ವಜಕ್ಕೆ ಆರಿಸಿದುದು ಕಪ್ಪು, ಬಿಳಿ, ಕೆಂಪು ಬಣ್ಣಗಳನ್ನು. ತನ್ನ ವಿದ್ಯಾರ್ಥಿ ಸಂಘದ ಬಣ್ಣಗಳು ಮೂಲೆಗೆ ಬಿದ್ದುದನ್ನು ಕಂಡು ಗಾಗೆರ್ನನು ೧೮೮೦ರ ಮೇ ೨೨ರಂದು ಡಾರ್ಮ್‌ಸ್ಟಾಟ್ ನಗರದಲ್ಲಿ ಕಣ್ಮುಚ್ಚಿದನು.

ಆದರೆ ಆ ಬಣ್ಣಗಳ ಕಥೆಯು ಆತನೊಡನೆ ಮುಗಿಯಲಿಲ್ಲ. ಮೊದಲನೆಯ ಮಹಾಯುದ್ಧದ ತರುವಾಯ ಜರ್ಮನಿಯು ಗಣರಾಜ್ಯವಾದ ಮೇಲೆ, ೧೯೧೯ರಲ್ಲಿ ಕಪ್ಪು, ಕೆಂಪು, ಹೊಂಬಣ್ಣಗಳು ರಾಷ್ಟ್ರದ ಬಣ್ಣಗಳಾದವು. ೧೯೩೩ರಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದೊಡನೆಯೇ ಅವುಗಳನ್ನು ಕಿತ್ತೊಗೆದನು. ಅದೇ ವರ್ಷ ವಿಶ್ವವಿದ್ಯಾಲಯಗಳ ಅಂಗಳಗಳಲ್ಲಿ ಮತ್ತೆ ಪುಸ್ತಕಗಳು ಉರಿದವು. ಆ ಸಲ ರದ್ದಿ ಕಾಗದವಲ್ಲ, ನಿಜವಾದ ಗ್ರಂಥಗಳೇ. ೧೯೪೯ರಲ್ಲಿ ಪಶ್ಚಿಮ ಜರ್ಮನಿ, ಪೂರ್ವ ಜರ್ಮನಿಗಳೆರಡೂ ಹಳೆಯ ಮೂರು ಬಣ್ಣಗಳನ್ನೇ ಮತ್ತೆ ಸ್ವೀಕರಿಸಿದವು. ೧೯೯೦ರಲ್ಲಿ ಒಂದುಗೂಡಿದ ಜರ್ಮನಿಯ ಮೇಲೆ ಅದೇ ಧ್ವಜವು ಹಾರಿತು. ಫ್ರಾಂಕ್‌ಫರ್ಟಿನಲ್ಲಿ ಬರೆದ ಮೂಲಭೂತ ಹಕ್ಕುಗಳಲ್ಲಿ ಹಲವು, ನೂರು ವರ್ಷಗಳ ಮೇಲೆ ಆ ದೇಶದ ರಾಜ್ಯಾಂಗದಲ್ಲಿ ಮರಳಿ ಕಾಣಿಸಿಕೊಂಡವು.

ವಿದ್ಯಾರ್ಥಿ ಮಿತ್ರರೇ, ಸಾಂಡನು ಧರಿಸಿದ್ದುದೂ, ಪ್ರಷ್ಯದ ದೊರೆಯು ತೋಳಿಗೆ ಕಟ್ಟಿಕೊಂಡಿದ್ದುದೂ, ಗಾಗೆರ್ನನ ಪೀಠದ ಮೇಲೆ ಹಾರುತ್ತಿದ್ದುದೂ ಒಂದೇ ಬಣ್ಣಗಳು. ಬಣ್ಣವು ತಾನಾಗಿ ಯಾರನ್ನೂ ದೊಡ್ಡವನನ್ನಾಗಿ ಮಾಡಲಿಲ್ಲ. ನಮ್ಮ ಶಾಲೆಯಲ್ಲಿಯೂ ವಿದ್ಯಾರ್ಥಿ ಸಂಘವಿದೆ. ವರ್ಷಕ್ಕೊಮ್ಮೆ ಮುಖಂಡರ ಚುನಾವಣೆಯಿದೆ. ಎದೆಯ ಮೇಲೆ ಶಾಲೆಯ ಲಾಂಛನವಿದೆ. ಚುನಾವಣೆಯಲ್ಲಿ ಸೋತಂದು ಗೆದ್ದವನ ಕೈಹಿಡಿದು ಅಭಿನಂದಿಸುವುದು, ಗೆದ್ದಂದು ಸೋತವನ ಮಾತನ್ನು ಕಿವಿಗೊಟ್ಟು ಕೇಳುವುದು, ಸಂಘದ ಹಣಕ್ಕೆ ಕಾಸುಕಾಸಿಗೂ ಲೆಕ್ಕ ಬರೆದಿಡುವುದು ಇವು ಸಣ್ಣ ಕೆಲಸಗಳೆಂದು ತೋರಬಹುದು. ಯೇನಾದ ವಿದ್ಯಾರ್ಥಿಗಳು ಮಾಡಿದುದೂ ಇಂತಹ ಸಣ್ಣ ಕೆಲಸಗಳನ್ನೇ. ಲಾಂಛನದ ಮಾನವು ಅವುಗಳನ್ನು ಮಾಡುವವರ ಕೈಯಲ್ಲಿದೆ.